ಮಸಾಯಿ ಮಾರಾದಲ್ಲಿ ಬೇಲಿಯಿಲ್ಲದ ಡೇರೆ: ನಿಮ್ಮ ಪ್ರಶ್ನೆಗೆ ಉತ್ತರ

ಎಪ್ಪತ್ತು ದಾಟಿದ ತಾಯಿಯವರೊಂದಿಗೆ ಆಗಸ್ಟ್‌ನಲ್ಲಿ ಕೀನ್ಯಾದ ಮಸಾಯಿ ಮಾರಾ ವನ್ಯಜೀವಿ ಧಾಮಕ್ಕೆ ಹೊರಟಿರುವ ನೀವು, ಬೇಲಿಯಿಲ್ಲದ ಐಷಾರಾಮಿ ಡೇರೆಯಲ್ಲಿ ರಾತ್ರಿ ಕಳೆಯುವುದು ಸುರಕ್ಷಿತವೇ ಎಂದು ಕೇಳಿದ್ದೀರಿ. ನಿಯಮಗಳನ್ನು ಪಾಲಿಸಿದರೆ ಹೆದರಬೇಕಾದದ್ದಿಲ್ಲ ಎಂಬುದು ನನ್ನ ಅನುಭವ. ಕತ್ತಲಾದ ಮೇಲೆ ಊಟಕ್ಕೆ ಹೋಗಬೇಕಾದರೂ ಒಬ್ಬರೇ ಹೊರಡುವಂತಿಲ್ಲ. ಅಲ್ಲಿ ‘ಅಸ್ಕರಿ’ ಎಂದು ಕರೆಯುವ ಕಾವಲುಗಾರರು ಟಾರ್ಚ್ ಹಿಡಿದು ಬಂದು ಕರೆದೊಯ್ಯುತ್ತಾರೆ, ಮತ್ತೆ ತಂದು ಬಿಡುತ್ತಾರೆ. ಮಲಗುವ ಮುನ್ನ ಡೇರೆಯ ಜಿಪ್ಪನ್ನು ಪೂರ್ತಿಯಾಗಿ ಎಳೆದಿರಬೇಕು, ತಿನ್ನುವ ಪದಾರ್ಥವನ್ನು ಒಳಗಿಡಲೇಬಾರದು.

ನಾವು ತಂಗಿದ್ದಾಗ ನೀರಾನೆಯೊಂದು ನದಿಯಿಂದ ಮೇಲೇರಿ ಬಂದು, ನನ್ನ ದಿಂಬಿನಿಂದ ಒಂದು ಮಾರು ದೂರದಲ್ಲಿ, ಕ್ಯಾನ್ವಾಸಿನ ಆಚೆ, ಬಹಳ ಹೊತ್ತು ಹುಲ್ಲನ್ನು ಪರಪರನೆ ಹರಿದು ಮೇಯುತ್ತಿತ್ತು. ಅದರ ಭಾರವಾದ ಉಸಿರು ಇನ್ನೂ ನನ್ನ ಕಿವಿಯಲ್ಲಿದೆ. ಅಂಥ ಹೊತ್ತಿನಲ್ಲಿ ಇಣುಕದೆ ಸುಮ್ಮನೆ ಮಲಗಿರಬೇಕೆಂದು ತಾಯಿಯವರಿಗೆ ಮೊದಲೇ ತಿಳಿಸಿ, ದಯವಿಟ್ಟು ಇದನ್ನು ಮರೆಯಬೇಡಿ. ಊಟದ ಡೇರೆಗೆ ಹತ್ತಿರವಿರುವ ಡೇರೆಯನ್ನೇ ಕೇಳಿ ಪಡೆಯಿರಿ.

ಮಾರಾ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಮುಂಜಾವಿನ ಸಫಾರಿಗೆ ಸ್ವೆಟರ್ ಬೇಕೇಬೇಕು. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಸಾಮಾನಿಗಷ್ಟೇ ಅವಕಾಶವಿದೆ, ಅದೂ ಮೆತ್ತನೆಯ ಚೀಲದಲ್ಲಿ. ತಾಯಿಯವರ ಔಷಧಗಳು ಕೈಚೀಲದಲ್ಲೇ ಇರಲಿ.