ಸಂಜೆ ಆರು ಗಂಟೆಯ ಚಂದ್ರಂಪಳ್ಳಿ

ಓದುಗರ ಪ್ರಶ್ನೆ, ಆರೋಗ್ಯ ಸಹಾಯಕರ ಉತ್ತರ
(ಉತ್ತರಿಸುವವರು ಚಿಂಚೋಳಿ ತಾಲ್ಲೂಕಿನ ಹಳ್ಳಿ, ತಾಂಡಾಗಳಲ್ಲಿ ಮೂವತ್ತು ವರ್ಷ ಆರೋಗ್ಯ ಸಹಾಯಕರಾಗಿದ್ದು ನಿವೃತ್ತರಾದವರು. ಈಗ ಕಲಬುರಗಿಯಲ್ಲಿದ್ದಾರೆ.)

ಪ್ರಶ್ನೆ: ದಸರಾ ರಜೆಯಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕರಕೊಂಡು ಚಿಂಚೋಳಿ ಅಭಯಾರಣ್ಯಕ್ಕೆ ಎರಡು ದಿನದ ಚಾರಣ ಹೊರಟೀವಿ. ಅರಣ್ಯ ಇಲಾಖೆ ಅನುಮತಿ ಸಿಕ್ಕದ. ಒಂದು ರಾತ್ರಿ ಚಂದ್ರಂಪಳ್ಳಿ ಕಡೆ ಟೆಂಟಿನಾಗ ವಸ್ತಿ. ಹೋದ ವರ್ಷ ಹೋಗಿ ಬಂದ ಹುಡುಗರ ಕೈಕಾಲು ಸೊಳ್ಳೆ ಕಚ್ಚಿ ನೋಡೋ ಹಂಗ ಇರಲಿಲ್ಲ. ಒಬ್ಬನಿಗೆ ಕೆರೆದು ಕೆರೆದು ಕೀವು ಆಗಿತ್ತು. ಏನೇನು ಒಯ್ಯಬೇಕು, ಕಚ್ಚಿದ ಮೇಲೆ ಏನು ಹಚ್ಚಬೇಕು? ಬೆಳ್ಳುಳ್ಳಿ ತಿಂದು ಹೋದರ ಸಾಕು ಅಂತ ಹುಡುಗರು ವಾದ ಮಾಡ್ತಾರ.
— ಉಪನ್ಯಾಸಕಿ, ಸೇಡಂ

ಉತ್ತರ: ಬೆಳ್ಳುಳ್ಳಿ ತಿಂದರೆ ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಾರೆ ತಂಗಿ, ಸೊಳ್ಳೆ ಹೋಗುವುದಿಲ್ಲ. ಬಿ ವಿಟಮಿನ್ ಮಾತ್ರೆಯ ಕತೆಯೂ ಅಷ್ಟೇ. ಮೊಬೈಲಿನಲ್ಲಿ ಕುಂಯ್ ಎನ್ನಿಸಿ ಸೊಳ್ಳೆ ಓಡಿಸುವ ಆಪ್ ಒಂದನ್ನು ನನ್ನ ಮೊಮ್ಮಗ ತೋರಿಸಿದ. ಅವನು ತೋರಿಸುತ್ತಿರುವಾಗಲೇ ಅವನ ಮೊಣಕೈ ಮೇಲೆ ಒಂದು ಕೂತಿತ್ತು.

ನೀವು ಸಾಮಾನಿನ ಪಟ್ಟಿ ಕೇಳಿದ್ದೀರಿ. ನಾನು ಮೊದಲು ಜಾಗದ ಮಾತು, ಹೊತ್ತಿನ ಮಾತು ಆಡುತ್ತೇನೆ, ಯಾಕೆಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸೊಳ್ಳೆಗೆ ಹಾರುವ ಬಲ ಕಡಿಮೆ. ನಡೆಯುತ್ತಿದ್ದವರನ್ನು ಹಿಡಿಯುವುದು ಅದಕ್ಕೆ ಕಷ್ಟ, ಸ್ವಲ್ಪ ಗಾಳಿ ಬೀಸಿದರೂ ಸೋತುಹೋಗುತ್ತದೆ. ಕಚ್ಚುವುದು ಹೆಣ್ಣು ಮಾತ್ರ, ತತ್ತಿ ಕಟ್ಟಲು ಅದಕ್ಕೆ ರಕ್ತ ಬೇಕು. ನಮ್ಮ ಉಸಿರು, ಮೈಯ ಕಾವು, ಬೆವರಿನ ವಾಸನೆ ಹಿಡಿದು ಬರುತ್ತದೆ. ಹದಿನಾಲ್ಕು ಹುಡುಗರು ದಿನವಿಡೀ ಗುಡ್ಡ ಹತ್ತಿಳಿದು, ಬೆವರಿ, ಏದುಸಿರು ಬಿಡುತ್ತ ಸಂಜೆ ಆರಕ್ಕೆ ನೀರಿನ ದಂಡೆಯಲ್ಲಿ ಅರ್ಧ ಚಡ್ಡಿಯಲ್ಲಿ ಕೂತು ಫೋಟೊ ತೆಗೆದುಕೊಳ್ಳುತ್ತಾರಲ್ಲ, ಅದಕ್ಕಿಂತ ದೊಡ್ಡ ಊಟದ ಕರೆ ಸೊಳ್ಳೆಗೆ ಬೇಕಿಲ್ಲ. ಹೋದ ವರ್ಷದ ಹುಡುಗರನ್ನು ಕೇಳಿ ನೋಡಿ. ಕಚ್ಚಿಸಿಕೊಂಡದ್ದು ಎತ್ತಿಪೋತ ಜಲಪಾತದ ದಾರಿಯಲ್ಲಿ ನಡೆಯುವಾಗ ಇರಲಿಕ್ಕಿಲ್ಲ, ಇಳಿಹೊತ್ತಿನಲ್ಲಿ ಕೂತಲ್ಲಿ ಇರಬೇಕು.

ಆದ್ದರಿಂದ ಟೆಂಟು ನೀರಿನ ಪಕ್ಕ ಬೇಡ. ಚಂದ್ರಂಪಳ್ಳಿ ಹಿನ್ನೀರು ಕಣ್ಣಿಗೆ ಚಂದ, ಮಲಗಲಿಕ್ಕಲ್ಲ. ದಸರಾ ಹೊತ್ತಿಗೆ ಮಳೆ ಹಿಂದೆ ಸರಿದು, ನಾಲೆಯ ಹರಿವು ಕಡಿದು, ಬಂಡೆಗಳ ನಡುವೆ ತಿಳಿನೀರಿನ ಸಣ್ಣ ಸಣ್ಣ ಗುಂಡಿ ನಿಂತಿರುತ್ತವೆ. ಮಲೇರಿಯಾದ ಅನಾಫಿಲಿಸ್ ಸೊಳ್ಳೆ ತತ್ತಿ ಇಡುವುದು ಇಂಥ ನೀರಿನಲ್ಲೇ. ಇಲಾಖೆಯವರು ಉಳಿಯಲು ಬಿಟ್ಟ ಜಾಗದೊಳಗೇ ಗಾಳಿ ಆಡುವ ಕೆಂಪು ಮುರುಮಿನ ದಿಬ್ಬ ನೋಡಿಕೊಳ್ಳಿ. ನೀರು ಐದು ಗಂಟೆಯೊಳಗೆ ತುಂಬಿಟ್ಟುಕೊಳ್ಳಿ.

ತಾಂಡಾದ ದನದ ಕೊಟ್ಟಿಗೆಯಿಂದಲೂ ದೂರ ಇರಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಡೆಯ ಬಸ್ಸು ತಪ್ಪಿ ಒಂದು ತಾಂಡಾದಲ್ಲಿ ಉಳಿದೆ. ಮನೆಯವರು ಒಳಗೆ ಮಲಗಿ ಎಂದರೂ ಕೇಳದೆ, ಬೆಚ್ಚಗಿದೆ ಎಂದು ಎತ್ತುಗಳ ಪಕ್ಕ ಹುಲ್ಲಿನ ಮೇಲೆ ಹಾಸಿಕೊಂಡೆ. ಆ ಮನೆಯ ಅಜ್ಜಿ ಕನಿಕರಪಟ್ಟು ಬೇವಿನ ಸೊಪ್ಪಿನ ಹೊಗೆ ಹಾಕಿದಳು. ರಾತ್ರಿಯೆಲ್ಲ ಕೆಮ್ಮಿದೆ, ಕಚ್ಚಿಸಿಕೊಂಡದ್ದೂ ಕಚ್ಚಿಸಿಕೊಂಡೆ. ಮುಂದೆ ತರಬೇತಿಯಲ್ಲಿ ಗೊತ್ತಾಯಿತು: ನಮ್ಮ ಹಳ್ಳಿಗಾಡಿನ ಅನಾಫಿಲಿಸ್‌ಗೆ ದನದ ರಕ್ತವೇ ಹೆಚ್ಚು ಇಷ್ಟ, ಹಗಲು ಅದು ಕೊಟ್ಟಿಗೆಯ ಕತ್ತಲಲ್ಲೇ ಅಡಗಿರುತ್ತದೆ. ಸೊಳ್ಳೆ ಹಿಡಿಯಬೇಕಾದರೆ ನಾವು ಬೆಳಗಿನ ಜಾವ ಟಾರ್ಚು, ಗಾಜಿನ ಕೊಳವೆ ಹಿಡಿದು ಹೋಗುತ್ತಿದ್ದದ್ದೂ ಕೊಟ್ಟಿಗೆಗೇ. ನಾನು ಅವುಗಳ ಮನೆಯೊಳಗೇ ಹಾಸಿಗೆ ಹಾಸಿಕೊಂಡಿದ್ದೆ.

ಇನ್ನು ಬಟ್ಟೆ. ಸಂಜೆ ಐದೂವರೆಗೆ ಎಲ್ಲರೂ ತುಂಬುತೋಳಿನ, ಸಡಿಲಾದ, ತಿಳಿಬಣ್ಣದ ಬಟ್ಟೆ ಹಾಕಿಕೊಳ್ಳಲಿ. ಸಡಿಲ ಎಂಬುದನ್ನು ಒತ್ತಿ ಹೇಳುತ್ತೇನೆ. ಮೈಗೆ ಅಂಟಿದ ಲೆಗ್ಗಿಂಗ್ಸ್ ಮೇಲಿಂದಲೇ ಸೊಳ್ಳೆ ಸಲೀಸಾಗಿ ಚುಚ್ಚುತ್ತದೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಲಿ, ಕುತ್ತಿಗೆಗೊಂದು ದಸ್ತಿ ಇರಲಿ. ಪರ್ಮೆಥ್ರಿನ್ ಎಂಬ ಔಷಧವನ್ನು ಬಟ್ಟೆಗೆ, ಟೆಂಟಿಗೆ ಮೊದಲೇ ಸಿಂಪಡಿಸಿ ಪೂರ್ತಿ ಒಣಗಿಸಿ ಬಳಸುವವರಿದ್ದಾರೆ. ಹಲವು ಒಗೆತದವರೆಗೆ ಕೆಲಸ ಮಾಡುತ್ತದೆ. ಅದನ್ನು ಮೈಗೆ ಮಾತ್ರ ಹಚ್ಚಬಾರದು. ಮನೆಯಲ್ಲಿ ಬೆಕ್ಕಿದ್ದರೆ ಒಣಗುವ ತನಕ ದೂರವಿಡಿ, ಅದಕ್ಕೆ ವಿಷ.

ಮೈಗೆ ಹಚ್ಚುವ ಕ್ರೀಮು ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಡೀಟ್ ಎಂಬ ಔಷಧ ಶೇ. 20ರಿಂದ 30 ಇದ್ದರೆ ಹೆಚ್ಚುಕಡಿಮೆ ಐದು ತಾಸು ಕಾಯುತ್ತದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ರೀಮುಗಳಲ್ಲಿ ಔಷಧದ ಅಂಶ ಶೇ. 12ರ ಆಸುಪಾಸು ಇರುತ್ತದೆ. ಅವೂ ಆಗುತ್ತವೆ, ಆದರೆ ಬೇಗ ಬೇಗ ಹಚ್ಚಬೇಕು. ಬೆವರಿದರೆ ಇನ್ನೂ ಬೇಗ. ಹುಡುಗರು ಮುಖಕ್ಕೆ ಮೆತ್ತಿಕೊಂಡು ಕಣಕಾಲು, ಕಿವಿಯ ಹಿಂಭಾಗ ಮರೆಯುತ್ತಾರೆ. ಮುಖಕ್ಕಾದರೆ ಅಂಗೈಗೆ ಹಾಕಿಕೊಂಡು ಕಣ್ಣು, ಬಾಯಿ ಬಿಟ್ಟು ಸವರಬೇಕು. ಗಾಯದ ಮೇಲೆ ಬೇಡ, ಬಟ್ಟೆಯೊಳಗೆ ಬೇಡ. ಬಿಸಿಲಿನ ಕ್ರೀಮು ಹಚ್ಚುವವರಿದ್ದರೆ ಮೊದಲು ಅದು, ಆರಿದ ಮೇಲೆ ಇದು. ಇನ್ನೊಂದು: ಡೀಟ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹಚ್ಚಿದ ಕೈ ಒರೆಸದೆ ಗಡಿಯಾರ ಕಟ್ಟಿಕೊಂಡು ನಾನು ಅದರ ಮುಖ ಮಂಕು ಮಾಡಿಕೊಂಡಿದ್ದೇನೆ. ಈಗ ಟೈಮು ನೋಡಬೇಕಾದರೆ ಹೆಂಡತಿಯನ್ನು ಕೇಳಬೇಕು.

ಟೆಂಟಿನ ಜಿಪ್ಪು ಸಂಜೆ ಐದೂವರೆಯಿಂದಲೇ ಮುಚ್ಚಿರಲಿ. ಮಲಗುವ ಮುಂಚೆ ಟಾರ್ಚು ಬಿಟ್ಟು ಮೂಲೆಮೂಲೆ ನೋಡಿ, ಒಳಗೆ ಸೇರಿದ ನಾಲ್ಕೈದನ್ನು ಹೊಡೆದು ಮಲಗಿ. ಹೊರಗೆ ಮಚ್ಛರದಾನಿ ಕಟ್ಟಿ ಮಲಗುವವರು ಕೈಕಾಲು ಪರದೆಗೆ ತಾಗದ ಹಾಗೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಟೆಂಟಿನೊಳಗೆ ಕಾಯಿಲ್ ಹಚ್ಚಲೇಬೇಡಿ. ಬೆಂಕಿಯ ಭಯ ಒಂದು ಕಡೆ, ಮುಚ್ಚಿದ ಜಾಗದ ಹೊಗೆ ಇನ್ನೊಂದು ಕಡೆ.

ಕಚ್ಚಿದ ಮೇಲೆ ಮಾಡುವುದು ಬಹಳ ಸಣ್ಣ ಕೆಲಸ, ಅದನ್ನೇ ಯಾರೂ ಮಾಡುವುದಿಲ್ಲ. ಸೋಪು ನೀರಲ್ಲಿ ತೊಳೆಯಿರಿ. ತಣ್ಣೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕ್ಯಾಲಮೈನ್ ಲೋಷನ್ ಹಚ್ಚಿ. ಅದಿಲ್ಲದಿದ್ದರೆ ಅಡುಗೆ ಸೋಡಾವನ್ನು ಸ್ವಲ್ಪವೇ ನೀರಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೂ ತುರಿಕೆ ಇಳಿಯುತ್ತದೆ. ನಿದ್ದೆಗೆಡಿಸುವಷ್ಟು ತುರಿಕೆ ಇದ್ದರೆ ದೊಡ್ಡವರು ರಾತ್ರಿ ಒಂದು ಸೆಟ್ರಿಜಿನ್ ಎಂಬ ಅಲರ್ಜಿ ಗುಳಿಗೆ ತೆಗೆದುಕೊಳ್ಳಬಹುದು. ಮಂಪರು ಬರುತ್ತದೆ, ಹಾಗಾಗಿ ಗುಡ್ಡ ಹತ್ತುವ ಮುಂಚೆ ಬೇಡ. ಊದಿದ ಕಡೆ ಶೇ. 1ರ ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಕ್ರೀಮು ಎರಡು ದಿನ ಹಚ್ಚಿದರೆ ಸಾಕು. ಔಷಧಿ ಅಂಗಡಿಯಲ್ಲಿ ಅದರ ಬದಲು ಜೋರಿನ ಸ್ಟೀರಾಯ್ಡ್ ಟ್ಯೂಬು ಕೈಗಿತ್ತರೆ ವಾಪಸ್ ಕೊಡಿ.

ಸುಣ್ಣ ಹಚ್ಚಬೇಡಿ. ನಮ್ಮ ಕಡೆ ಎಲೆಯಡಿಕೆ ಚೀಲ ತೆಗೆದು ಕಚ್ಚಿದಲ್ಲೆಲ್ಲ ಸುಣ್ಣ ಒತ್ತುವ ಹಿರಿಯರು ಮನೆಗೊಬ್ಬರು. ಸುಣ್ಣ ಚರ್ಮ ಸುಡುತ್ತದೆ. ತುರಿಕೆ ಮರೆಯುವುದು ಉರಿಯ ದೆಸೆಯಿಂದ. ನಿಮ್ಮ ಹುಡುಗನಿಗೆ ಕೀವಾದದ್ದು ಸೊಳ್ಳೆಯಿಂದಲ್ಲ, ಉಗುರಿನಿಂದ. ಹೊರಡುವ ಹಿಂದಿನ ದಿನ ಎಲ್ಲರ ಉಗುರು ತೆಗೆಸಿ. ಆ ಹದಿನಾಲ್ಕು ನೇಲ್‌ಕಟರ್ ತಪಾಸಣೆ ಯಾವ ಕ್ರೀಮಿಗೂ ಕಡಿಮೆಯಲ್ಲ. ಕಚ್ಚಿದ ಜಾಗ ಕೆಂಪಾಗಿ ಬಿಸಿಯಾದರೆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡಿ. ಬೆಳಗಾಗುವಷ್ಟರಲ್ಲಿ ಕೆಂಪು ಗೆರೆ ದಾಟಿದ್ದರೆ, ಕೀವು ಅಥವಾ ಜ್ವರ ಕಂಡರೆ, ಚಾರಣ ಅಲ್ಲಿಗೇ ಬಿಟ್ಟು ಡಾಕ್ಟರ ಬಳಿ. ತುಟಿ ಊದಿ ಉಸಿರು ಕಟ್ಟುವುದು ಬಲು ಅಪರೂಪ. ಆದರೆ ಹಾಗೇನಾದರೂ ಕಂಡರೆ ಒಂದು ನಿಮಿಷವೂ ಕಾಯಬಾರದು.

ಊರಿಗೆ ಬಂದ ಮೇಲಿನ ಮಾತು ಇನ್ನೂ ಮುಖ್ಯ. ಡೆಂಗಿ ಜ್ವರ ಕಚ್ಚಿದ 4ರಿಂದ 10 ದಿನಕ್ಕೆ ಬರುತ್ತದೆ. ಮಲೇರಿಯಾಕ್ಕೆ ಕನಿಷ್ಠ ಒಂದು ವಾರ, ಕೆಲವು ಬಗೆಯದು ತಿಂಗಳುಗಟ್ಟಲೆ ಅಡಗಿದ್ದು ಏಳುತ್ತದೆ. ಆ ಹೊತ್ತಿಗೆ ಹುಡುಗರು ಚಾರಣ ಮರೆತು ಪರೀಕ್ಷೆಯಲ್ಲಿ ಮುಳುಗಿರುತ್ತಾರೆ. ಜ್ವರ ಬಂದರೆ ಡಾಕ್ಟರಿಗೆ ಕೇಳದಿದ್ದರೂ ಹೇಳಬೇಕು: ‘ಇಂಥ ದಿನ ಕಾಡಿನಲ್ಲಿ ಮಲಗಿದ್ದೆ, ರಕ್ತ ನೋಡಿರಿ.’ ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ. ಡೆಂಗಿ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ರಕ್ತಸ್ರಾವದ ಅಪಾಯ. ಜ್ವರ ಇಳಿಯಿತು ಎಂದು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆ.

ಪ್ರಶ್ನೆ: ಬೀದರ ಕೋಟೆ ನೋಡಲು ಹೋದಾಗ ಹಾಡಹಗಲೇ ಸೊಳ್ಳೆ ಕಚ್ಚಿದವು. ಸೊಳ್ಳೆ ರಾತ್ರಿಯದ್ದಲ್ಲವೇ?
— ಪಿಯುಸಿ ವಿದ್ಯಾರ್ಥಿ, ಭಾಲ್ಕಿ

ಉತ್ತರ: ಅದು ಈಡಿಸ್, ತಮ್ಮ. ಕಾಲಿಗೆ ಬಿಳಿ ಪಟ್ಟೆ ಇರುತ್ತದೆ, ಡೆಂಗಿ ಹರಡುವುದು ಅದೇ. ಬೆಳಗ್ಗೆ ಹೊತ್ತೇರುವಾಗ, ಸಂಜೆ ಹೊತ್ತು ಮುಳುಗುವ ಮುಂಚೆ ಜೋರು, ನೆರಳಿದ್ದರೆ ಯಾವ ಹೊತ್ತಾದರೂ ಸರಿ. ಹಗಲು ಸುತ್ತಾಟಕ್ಕೂ ಕ್ರೀಮು ಬೇಕು ಎನ್ನುವುದು ಇದಕ್ಕೇ. ಹಾಗೆಂದು ಕೋಟೆಯನ್ನು ಬೈಯಬೇಡ. ಬೇಸಿಗೆ ಮುಗಿದ ಮೇಲೆ ನಿಮ್ಮ ಮನೆಯ ಕೂಲರಿನ ನೀರು ಚೆಲ್ಲಿದ್ದೀರಾ? ತತ್ತಿಯಿಂದ ಸೊಳ್ಳೆಯಾಗಲು ಅದಕ್ಕೆ ಎಂಟು ಹತ್ತು ದಿನ ಸಾಕು, ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ಒಣಗಿಸಬೇಕು. ಉಜ್ಜದಿದ್ದರೆ ಗೋಡೆಗೆ ಅಂಟಿದ ತತ್ತಿ ತಿಂಗಳುಗಟ್ಟಲೆ ಒಣಗಿಕೊಂಡೇ ಇದ್ದು, ನೀರು ಬಿದ್ದಾಗ ಎದ್ದು ಬರುತ್ತದೆ.

ಪ್ರಶ್ನೆ: ಮಗ ಗೆಳೆಯರ ಜೊತೆ ಯಾದಗಿರಿ ಸೀಮೆಯ ಗುಡ್ಡ ಸುತ್ತಲು ಹೋಗಿ ಒಂದು ರಾತ್ರಿ ಬಯಲಲ್ಲಿ ಮಲಗಿ ಬಂದ. ಮೈತುಂಬ ಗುಂಗಾಡ ಕಚ್ಚ್ಯಾವ. ಆನೆಕಾಲು ಬರ್ತದೇನ್ರಿ?
— ಗೃಹಿಣಿ, ಶಹಾಪುರ

ಉತ್ತರ: ಒಂದು ರಾತ್ರಿಗೆ ಬರುವುದಿಲ್ಲ ತಾಯಿ. ಆನೆಕಾಲಿನ ಹುಳು ಮೈಸೇರಿ ನೆಲೆಯೂರಲು ತಿಂಗಳು, ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಬೇಕು. ಹರಡುವುದು ಕ್ಯೂಲೆಕ್ಸ್, ಚರಂಡಿಯ ಕೊಳಕು ನೀರಿನ ಸೊಳ್ಳೆ. ಗುಡ್ಡದ ಬಯಲಿಗಿಂತ ನಮ್ಮ ಓಣಿಯಲ್ಲೇ ಅದು ಹೆಚ್ಚು. ನಿಮ್ಮ ಭಯ ಸುಳ್ಳಲ್ಲ, ಕಲಬುರಗಿ, ಬೀದರ, ಯಾದಗಿರಿ ಮೂರೂ ಈ ರೋಗದ ಹಳೆಯ ಜಿಲ್ಲೆಗಳು. ಅದರ ಮರಿಹುಳು ರಕ್ತದಲ್ಲಿ ಕಾಣುವುದು ರಾತ್ರಿ ಹತ್ತರಿಂದ ಎರಡರ ನಡುವೆ ಹೆಚ್ಚು. ಹಾಗಾಗಿ ನಾವು ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚುತ್ತಿದ್ದೆವು. ಒಂದು ಹಳ್ಳಿಯಲ್ಲಿ ಮಕ್ಕಳು ನನಗೆ ಇಟ್ಟ ಹೆಸರೇ ‘ದೊಡ್ಡ ಗುಂಗಾಡ’. ಬೇಜಾರಾಗಲಿಲ್ಲ. 1897ರಲ್ಲಿ ಇಲ್ಲೇ ಪಕ್ಕದ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾ ಸೊಳ್ಳೆಯ ಗುಟ್ಟು ಬಿಡಿಸಿದಾಗ, ಕಚ್ಚಿಸಿಕೊಂಡ ರೋಗಿಗೆ ಸೊಳ್ಳೆಗೊಂದು ಆಣೆ ಕೊಟ್ಟನಂತೆ. ನಾವು ಅದನ್ನೂ ಕೊಡದೆ ಚುಚ್ಚಿದವರು, ಬೈಸಿಕೊಳ್ಳಬೇಕಾದದ್ದೇ.

ಮಗನ ಕಚ್ಚಿದ ಗಾಯಕ್ಕೆ ಮೇಲೆ ಸೇಡಂ ತಂಗಿಗೆ ಹೇಳಿದ್ದೇ ಸಾಕು. ಆನೆಕಾಲಿನ ಗುಳಿಗೆ ಹಂಚಲು ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ಆಮೇಲೆ ತಗೋತೀವಿ’ ಎಂದು ಗೂಡಿನಲ್ಲಿ ಇಡಬೇಡಿ. ಬಸುರಿಯರು, ಎರಡು ವರ್ಷದೊಳಗಿನ ಕೂಸುಗಳು, ಜೋರು ಕಾಯಿಲೆಯಲ್ಲಿರುವವರನ್ನು ಬಿಟ್ಟು ಉಳಿದವರೆಲ್ಲ ಆಕೆಯ ಎದುರಿಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಬೇಡ, ಒಂದು ರೊಟ್ಟಿಯಾದರೂ ತಿಂದಿರಿ.