ಸ್ಲ್ಯಾಷರ್ ಚಿತ್ರಗಳ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ಕಡಿಮೆ ಬಜೆಟ್ಟಿನ ಸ್ಲ್ಯಾಷರ್ ಚಿತ್ರಗಳ ಆಕರ್ಷಣೆಯನ್ನು ಕುರಿತು ನೀವು ಕಳುಹಿಸಿದ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೂ ಒಂದು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಮುಖವಾಡ ತೊಟ್ಟ ಒಬ್ಬ ಕೊಲೆಗಾರ, ಒಂದು ಚಾಕು, ದಿಕ್ಕೆಟ್ಟು ಓಡುವ ನಾಲ್ಕೈದು ಮಂದಿ ಹರೆಯದವರು, ಇಷ್ಟೇ ಸರಂಜಾಮಿನ ಚಿತ್ರಗಳನ್ನು ಜನರು ಅರ್ಧ ಶತಮಾನದಿಂದ ಏಕೆ ಬಿಡದೆ ನೋಡುತ್ತಿದ್ದಾರೆ ಎಂಬ ನಿಮ್ಮ ಪ್ರಶ್ನೆ ತೂಕದ್ದು. ಆ ಪ್ರಶ್ನೆಗೆ ತಕ್ಕ ಉತ್ತರವನ್ನು ನೀವು ಇನ್ನೂ ಬರೆದಿಲ್ಲ.

ನೀವು ಎರಡು ಕಾರಣಗಳನ್ನು ಮುಂದಿಡುತ್ತೀರಿ. ಮನುಷ್ಯನೊಳಗೆ ಅಡಗಿರುವ ಹಿಂಸಾಪ್ರವೃತ್ತಿಗೆ ಈ ಚಿತ್ರಗಳು ದಾರಿ ಮಾಡಿಕೊಡುತ್ತವೆ ಎಂಬುದು ಒಂದು. ಈ ಮಾತನ್ನು ಯುದ್ಧದ ಚಿತ್ರಗಳ ಬಗ್ಗೆಯೂ ಹೇಳಬಹುದು, ಕುಸ್ತಿಯ ಬಗ್ಗೆಯೂ ಹೇಳಬಹುದು. ಎಲ್ಲಕ್ಕೂ ಹೊಂದುವ ವಿವರಣೆ ಯಾವುದನ್ನೂ ವಿವರಿಸುವುದಿಲ್ಲವಾದ್ದರಿಂದ ಆ ಮೂರು ಪುಟಗಳನ್ನು ಪೂರ್ತಿ ತೆಗೆದುಹಾಕಿ. ಹಣವಿಲ್ಲದಿರುವುದೇ ಈ ಚಿತ್ರಗಳ ಪ್ರಾಮಾಣಿಕತೆ ಎಂಬುದು ಎರಡನೆಯದು. ಕೇಳಲು ಚೆಂದವಾಗಿರುವ ಈ ಮಾತನ್ನು ನಾನು ಒಪ್ಪುವುದಿಲ್ಲ. 1980ರ ದಶಕದಲ್ಲಿ ಅಗ್ಗವಾಗಿ ತೆಗೆದ ಸ್ಲ್ಯಾಷರ್ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಬಹುಪಾಲು ಇಂದು ಯಾರಿಗೂ ನೆನಪಿಲ್ಲ, ನೆನಪಿಡುವ ಅಗತ್ಯವೂ ಇಲ್ಲ. ಕೈಯಲ್ಲಿದ್ದ ಅಲ್ಪ ಹಣವನ್ನು ನಿರ್ದೇಶಕ ಎಲ್ಲಿ ಸುರಿದ, ಎಲ್ಲಿ ಬಿಗಿಹಿಡಿದ ಎಂಬುದನ್ನು ನೋಡಿದರೆ ನೆನಪಿನಲ್ಲಿ ಉಳಿದ ಚಿತ್ರಗಳು ಏಕೆ ಉಳಿದವೆಂಬುದು ತಿಳಿಯುತ್ತದೆ.

ನೀವೇ ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಸಾಗಿದ ‘ಹ್ಯಾಲೋವೀನ್’ ಚಿತ್ರವನ್ನೇ ತೆಗೆದುಕೊಳ್ಳೋಣ. ಜಾನ್ ಕಾರ್ಪೆಂಟರ್ 1978ರಲ್ಲಿ ಸುಮಾರು 3 ಲಕ್ಷ ಡಾಲರ್ ವೆಚ್ಚದಲ್ಲಿ ತೆಗೆದ ಈ ಚಿತ್ರ ಅಮೆರಿಕದಲ್ಲಿಯೇ ಸುಮಾರು 4.7 ಕೋಟಿ ಡಾಲರ್ ಗಳಿಸಿತು. ಕೊಲೆಗಾರನ ಮುಖವಾಡ ಎರಡು ಡಾಲರಿಗೂ ಕಡಿಮೆ ಬೆಲೆಯದು. ‘ಸ್ಟಾರ್ ಟ್ರೆಕ್’ ಸರಣಿಯ ಕ್ಯಾಪ್ಟನ್ ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಅವರ ಮುಖವನ್ನು ಹೋಲುವಂತೆ ಮಾಡಿದ್ದ ಆ ರಬ್ಬರ್ ಮುಖವಾಡವನ್ನು ಅಂಗಡಿಯಿಂದ ತಂದು, ಕಲಾವಿಭಾಗ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವಾಲೇಸ್ ಅದರ ಹುಬ್ಬುಗಳನ್ನು ಕಿತ್ತು, ಕಣ್ಣಿನ ತೂತುಗಳನ್ನು ಹಿಗ್ಗಿಸಿ, ಬಿಳಿ ಬಣ್ಣ ಹೊಡೆದರು. ಇಲಿನಾಯ್ ರಾಜ್ಯದ ಶರತ್ಕಾಲದಲ್ಲಿ ನಡೆಯುವ ಕಥೆಯನ್ನು ಕ್ಯಾಲಿಫೋರ್ನಿಯಾದ ವಸಂತದಲ್ಲಿ ಚಿತ್ರೀಕರಿಸಬೇಕಾಗಿ ಬಂದಾಗ, ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲಿ, ದೃಶ್ಯ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ದೃಶ್ಯಕ್ಕೆ ಅವನ್ನೇ ಮತ್ತೆ ಚೆಲ್ಲಿದರು. ಗಮನಿಸಿ ನೋಡಿದರೆ ಹಿಂದಿನ ಮರಗಳು ಹಸಿರಾಗಿಯೇ ನಿಂತಿರುವುದು ಕಾಣುತ್ತದೆ. ಇಷ್ಟು ಹಿಡಿದು ಖರ್ಚು ಮಾಡಿದ ತಂಡವೇ ತನ್ನ ಹಣದ ದೊಡ್ಡ ಪಾಲನ್ನು ಪ್ಯಾನಾವಿಷನ್ ಕ್ಯಾಮೆರಾ ಮತ್ತು ಅಗಲ ಪರದೆಯ ಲೆನ್ಸುಗಳಿಗೆ ಕೊಟ್ಟಿತು. ನಿಮ್ಮ ಲೇಖನ ಪ್ರಾರಂಭವಾಗಬೇಕಾದ್ದು ಇಲ್ಲಿಂದ.

ಆ ಅಗಲ ಚೌಕಟ್ಟು ಮಾಡುವ ಕೆಲಸವನ್ನು ಕೊನೆಯ ಭಾಗದ ಒಂದು ದೃಶ್ಯದಲ್ಲಿ ನೋಡಬಹುದು. ಜೇಮಿ ಲೀ ಕರ್ಟಿಸ್ ಅಭಿನಯಿಸಿದ ನಾಯಕಿ ಲಾರಿ, ಗೆಳತಿಯರ ಹೆಣಗಳನ್ನು ಕಂಡು ನಡುಗುತ್ತ ಹಿಂದೆ ಸರಿದು, ಕೋಣೆಯೊಂದರ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಳುತ್ತಾಳೆ. ಚೌಕಟ್ಟಿನ ಒಂದು ಬದಿಯಲ್ಲಿ ಅವಳು, ಇನ್ನೊಂದು ಬದಿಯಲ್ಲಿ ಬಾಗಿಲಿನಾಚೆಯ ಕತ್ತಲು. ಛಾಯಾಗ್ರಾಹಕ ಡೀನ್ ಕಂಡಿ ಅಲ್ಲಿ ಒಂದು ಸಣ್ಣ ದೀಪವನ್ನಿಟ್ಟು ಅದರ ಬೆಳಕನ್ನು ನಿಧಾನವಾಗಿ ಏರಿಸುತ್ತಾರೆ. ಆ ಕತ್ತಲಿನೊಳಗಿಂದ ಬಿಳಿ ಮುಖವಾಡ ತೇಲಿ ಬರುತ್ತದೆ. ಅದು ಹಾರಿ ಬೀಳುವುದಿಲ್ಲ, ಕ್ಯಾಮೆರಾ ಅದರತ್ತ ಬೊಟ್ಟು ಮಾಡಿ ತೋರಿಸುವುದೂ ಇಲ್ಲ. ಅದನ್ನು ಮೊದಲು ಕಂಡುಹಿಡಿಯುವುದು ಪ್ರೇಕ್ಷಕ. ಒಮ್ಮೆ ಹೀಗಾದ ಮೇಲೆ ಮುಂದಿನ ಪ್ರತಿ ಚೌಕಟ್ಟಿನ ಪ್ರತಿ ಮೂಲೆಯನ್ನೂ ಅವನು ತಾನಾಗಿಯೇ ಹುಡುಕತೊಡಗುತ್ತಾನೆ, ಮತ್ತು ಖಾಲಿ ಗೋಡೆಗೂ ಪೊದೆಗೂ ಹೆದರುತ್ತಾನೆ. ಹಣ ಕೊಟ್ಟು ಕಟ್ಟಿಸಿದ ಯಾವ ರಾಕ್ಷಸಾಕೃತಿಯೂ ಈ ಕೆಲಸವನ್ನು ಮಾಡಲಾರದು. ಸ್ಲ್ಯಾಷರಿನ ಆಕರ್ಷಣೆಯ ತಿರುಳು ಇದೇ ಎಂದು ನಾನು ನಂಬಿದ್ದೇನೆ. ನೀವು ಒಪ್ಪದಿದ್ದರೆ ಇಂಥದೇ ಇನ್ನೊಂದು ದೃಶ್ಯವನ್ನು ಎದುರಿಗಿಟ್ಟುಕೊಂಡು ನನ್ನ ಮಾತನ್ನು ಖಂಡಿಸಿ. ಹನ್ನೊಂದು ಚಿತ್ರಗಳನ್ನು ಪಟ್ಟಿ ಮಾಡಿರುವ ನೀವು ಒಂದೇ ಒಂದು ದೃಶ್ಯವನ್ನೂ ಹೀಗೆ ಬಿಡಿಸಿ ನೋಡಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ.

ಸಂಗೀತದ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ. ಸಂಗೀತ ಸೇರಿಸುವ ಮೊದಲು ‘ಹ್ಯಾಲೋವೀನ್’ ನೋಡಿದ ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಒಂದಿಷ್ಟೂ ಭಯವಾಗಲಿಲ್ಲ ಎಂದು ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರೇ ಕೂತು ಸಂಯೋಜಿಸಿದ, ಐದು ಮಾತ್ರೆಗಳ ಲಯದಲ್ಲಿ ಓಡುವ ಆ ಪಿಯಾನೋ ಸ್ವರಮಾಲೆ ಚಿತ್ರದ ಅರ್ಧ ಭಯವನ್ನು ಹೊತ್ತಿದೆ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಟೋಬಿ ಹೂಪರ್ ನಿರ್ದೇಶನದ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ (1974) ಚಿತ್ರವನ್ನು ನೀವು ಟೆಕ್ಸಾಸಿನಲ್ಲಿ ನಡೆದ ನಿಜ ಘಟನೆ ಎಂದು ಬರೆದಿದ್ದೀರಿ. ಚಿತ್ರದ ಆರಂಭದ ನಿರೂಪಣೆ ಹಾಗೆ ನಂಬಿಸುತ್ತದೆ, ಅಷ್ಟೇ. 1957ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಸೆರೆಸಿಕ್ಕ ಎಡ್ ಗೀನ್ ಎಂಬಾತನ ಪ್ರಕರಣದಿಂದ ಕೆಲವು ಎಳೆಗಳನ್ನು ತೆಗೆದುಕೊಂಡದ್ದನ್ನು ಬಿಟ್ಟರೆ ಆ ಕಥೆ ಕಟ್ಟುಕಥೆ. ಅದೇ ಚಿತ್ರವನ್ನು ‘ರಕ್ತದ ಹೊಳೆ’ ಎಂದೂ ಕರೆದಿದ್ದೀರಿ. ದಯವಿಟ್ಟು ಮತ್ತೊಮ್ಮೆ ನೋಡಿ. ಹುಡುಗಿಯೊಬ್ಬಳನ್ನು ಮಾಂಸ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸುವ ದೃಶ್ಯದಲ್ಲಿ ಕೊಕ್ಕೆ ಮೈಯನ್ನು ಹೊಕ್ಕುವುದನ್ನು ತೋರಿಸಿಯೇ ಇಲ್ಲ. ಅವಳ ಮುಖ, ಕೆಳಗಿಟ್ಟ ಪಾತ್ರೆ, ಇಷ್ಟರಿಂದ ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಹೆಚ್ಚು ರಕ್ತ ತೋರಿಸದಿದ್ದರೆ ಮಕ್ಕಳೂ ನೋಡಬಹುದಾದ ದರ್ಜೆಯ ಸರ್ಟಿಫಿಕೇಟ್ ಸಿಕ್ಕೀತೆಂದು ಹೂಪರ್ ಆಸೆಪಟ್ಟಿದ್ದರು. ಕಾಣದ್ದನ್ನು ಕಂಡೆನೆಂದು ನೀವು ಬರೆದಿರುವುದು ಆ ಚಿತ್ರದ ಯಶಸ್ಸಿಗೆ ದೊಡ್ಡ ಸಾಕ್ಷಿ, ಆದರೆ ವಿಮರ್ಶಕನಾದವನು ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ ಬರೆಯಬೇಕು.

ಹೆಣ್ಣುಮಕ್ಕಳ ಮೇಲಿನ ಹಿಂಸೆಯ ಪ್ರಶ್ನೆಯನ್ನು ‘ಕೆಲವರು ಆಕ್ಷೇಪಿಸುತ್ತಾರೆ’ ಎಂದು ತೇಲಿಸಿಬಿಟ್ಟಿದ್ದೀರಿ. ಓದುಗರು ಇದನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಎಂಬ ಷಿಕಾಗೋ ವಿಮರ್ಶಕರು 1980ರಲ್ಲಿ ತಮ್ಮ ಟೆಲಿವಿಷನ್ ಕಾರ್ಯಕ್ರಮದ ಒಂದು ಕಂತನ್ನೇ ಈ ಚಿತ್ರಗಳ ಖಂಡನೆಗೆ ಮೀಸಲಿಟ್ಟರು. ಕ್ಯಾಮೆರಾ ಕೊಲೆಗಾರನ ಕಣ್ಣಾದಾಗ ಪ್ರೇಕ್ಷಕನೂ ಕೊಲೆಯಲ್ಲಿ ಪಾಲುದಾರನಾಗುತ್ತಾನೆಂಬುದು ಅವರ ತಕರಾರು. ಇದೇ ಈಬರ್ಟ್ ‘ಹ್ಯಾಲೋವೀನ್’ ಚಿತ್ರವನ್ನು ಮನಸಾರೆ ಮೆಚ್ಚಿದವರು ಎಂಬುದನ್ನು ಮರೆಯಬೇಡಿ. ಮಧ್ಯಯುಗದ ಐಸ್‌ಲ್ಯಾಂಡಿನ ಗದ್ಯಕಥನಗಳ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ತಮ್ಮ ಪ್ರಬಂಧದಲ್ಲಿ ಬೇರೊಂದು ದಿಕ್ಕಿನಿಂದ ನೋಡಿದರು. ಕೊನೆಯವರೆಗೆ ಬದುಕುಳಿದು ತಿರುಗಿಬೀಳುವ ಹುಡುಗಿಯನ್ನು ಅವರು ‘ಫೈನಲ್ ಗರ್ಲ್’ ಎಂದು ಕರೆದರು, ಮತ್ತು ಹದಿಹರೆಯದ ಗಂಡುಮಕ್ಕಳೇ ಹೆಚ್ಚಾಗಿದ್ದ ಪ್ರೇಕ್ಷಕವರ್ಗ ಕೊನೆಗೆ ಅವಳ ಪಕ್ಷ ವಹಿಸುತ್ತದೆಂದು ವಾದಿಸಿದರು. ಲಾರಿ ಹೆಣಿಗೆಯ ಸೂಜಿಯಿಂದ, ಬಟ್ಟೆ ತೂಗುಹಾಕುವ ತಂತಿಯಿಂದ ಹೋರಾಡುವಾಗ ಇದು ನಿಜವೆನ್ನಿಸುತ್ತದೆ. ಅವಳಿಗಿಂತ ಮೊದಲು ಸತ್ತ ಹುಡುಗಿಯರನ್ನು ನೆನೆದರೆ ಪೂರ್ತಿ ಸಮಾಧಾನವಾಗುವುದಿಲ್ಲ. ಇವೆರಡನ್ನೂ ಎದುರಿಸಿ ಬರೆಯಿರಿ.

ನಿಮ್ಮ ಲೇಖನದ ಅತ್ಯುತ್ತಮ ಮಾತು ಏಳನೆಯ ಪುಟದ ಕೆಳಗೆ ಹುದುಗಿದೆ: ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗ ಬರುತ್ತಿರುವವರು ಯಾರೆಂದು ತಿಳಿದಿದ್ದೂ ಜನ ಕಾತರದಿಂದ ಕಾಯುವಂತೆ, ಸ್ಲ್ಯಾಷರಿನ ಪ್ರೇಕ್ಷಕನೂ ಗೊತ್ತಿರುವುದಕ್ಕಾಗಿಯೇ ಕಾಯುತ್ತಾನೆ ಎಂದಿದ್ದೀರಿ. ಕ್ಲೋವರ್ ಕೂಡ ಈ ಚಿತ್ರಗಳನ್ನು ಮೌಖಿಕ ಕಥನಗಳ ಜೊತೆಗಿಟ್ಟು ನೋಡಿದ್ದಾರೆ: ಒಂದೇ ಕಥೆಯ ಹಲವು ಪಾಠಗಳು, ಕೈಯಿಂದ ಕೈಗೆ ದಾಟುವ ಆಶಯಗಳು. ಪುನರಾವರ್ತನೆಯನ್ನು ದೋಷವೆಂದು ಒಪ್ಪಿಕೊಂಡು ಕ್ಷಮೆ ಕೇಳುವ ನಿಮ್ಮ ಮೊದಲ ಪುಟದ ಧಾಟಿಗೂ ಈ ಮಾತಿಗೂ ಹೊಂದಿಕೆಯಿಲ್ಲ. ಕ್ಷಮೆ ಕೇಳುವುದನ್ನು ಬಿಟ್ಟು, ಈ ವಾಕ್ಯವನ್ನು ಎರಡು ಪುಟಗಳಿಗೆ ಬೆಳೆಸಿ.

ಈ ಪ್ರಕಾರದ ಕಾಲ ಮುಗಿಯಿತೆಂಬ ನಿಮ್ಮ ಕೊನೆಯ ಪ್ಯಾರಾ ಬೇಡ, ಸುಮಾರು 2.5 ಲಕ್ಷ ಡಾಲರಿನ ‘ಟೆರಿಫೈಯರ್ 2’ 2022ರಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಗಳಿಸಿದೆ. ‘ಭೀಕರ’, ‘ಘೋರ’, ‘ರೋಮಾಂಚಕ’ ಎಂಬ ವಿಶೇಷಣಗಳನ್ನು ಅಳಿಸಿ, ಆ ಜಾಗದಲ್ಲಿ ಪರದೆಯ ಮೇಲೆ ಏನು ಕಂಡಿತೆಂದು ಬರೆಯಿರಿ. ಚಿತ್ರಗಳ ಪಟ್ಟಿಯನ್ನು ಎರಡಕ್ಕೆ ಇಳಿಸಿ, ಸಾವಿರದೈನೂರು ಪದಗಳೊಳಗೆ ಹೊಸದಾಗಿ ಬರೆದು ಕಳುಹಿಸಿದರೆ ನಾನೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ