ಏಜೆನ್ಸಿಗೆ ಕೊಡುವ ಹಣದಲ್ಲಿ ಆಯಾ ಕೈಗೆ ಎಷ್ಟು ಸೇರುತ್ತದೆ ಎಂದು ಮೊದಲು ಕೇಳಿ

ವರ್ಗವಾಗಿ ಕಾರವಾರಕ್ಕೆ ಬಂದಿದ್ದೀರಿ, ಮಗುವಿಗೆ ಐದು ತಿಂಗಳು, ನಿಮ್ಮ ಹೆಂಡತಿಯ ಹೆರಿಗೆ ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಹುಬ್ಬಳ್ಳಿಯ ಏಜೆನ್ಸಿಯೊಂದು ಮನೆಯಲ್ಲೇ ಉಳಿಯುವ ಆಯಾ ಒಬ್ಬರನ್ನು ಕಳುಹಿಸಲು ನೋಂದಣಿಗೆ 3,000 ರೂಪಾಯಿ, ಕಮಿಷನ್ ಎಂದು ಒಂದು ತಿಂಗಳ ಸಂಬಳ, ಆಮೇಲೆ ತಿಂಗಳಿಗೆ 20,000 ರೂಪಾಯಿಯಂತೆ ಹನ್ನೊಂದು ತಿಂಗಳ ಕರಾರು ಕೇಳಿದೆ. ಇದು ನ್ಯಾಯವಾದ ದರವೇ ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ಊರಿನಲ್ಲಿ ಬ್ಯಾಂಕ್ ಕೆಲಸ ಮಾಡುತ್ತ, ಕೈಗಾದಲ್ಲಿ ಪಾಳಿಯ ಮೇಲೆ ದುಡಿಯುವ ಗಂಡನೊಂದಿಗೆ ಮಗುವನ್ನು ಬೆಳೆಸಿದವಳು. ಏಜೆನ್ಸಿಯನ್ನೂ ಕಂಡಿದ್ದೇನೆ, ಏಜೆನ್ಸಿ ಇಲ್ಲದ ದಾರಿಯನ್ನೂ ಕಂಡಿದ್ದೇನೆ. ನಿಮ್ಮ ಜಾಗದಲ್ಲಿದ್ದರೆ ಈ ಕರಾರಿಗೆ ಈಗಲೇ ಸಹಿ ಹಾಕುತ್ತಿರಲಿಲ್ಲ.

ಮೊದಲು ಲೆಕ್ಕ ನೋಡಿ. ಹನ್ನೊಂದು ತಿಂಗಳಿಗೆ 2,20,000, ಕಮಿಷನ್ 20,000, ನೋಂದಣಿ 3,000, ಒಟ್ಟು 2,43,000. ತಿಂಗಳಿಗೆ ಹಂಚಿದರೆ ಸುಮಾರು 22,100 ಆಗುತ್ತದೆ. ಕಮಿಷನ್ ಮೇಲೆ ಶೇ 18ರ ಜಿಎಸ್‌ಟಿ ಹಾಕುತ್ತಾರೆಯೇ ಕೇಳಿ, ಹಾಕಿದರೆ ಇನ್ನೂ 3,600. ಹನ್ನೆರಡನೆಯ ತಿಂಗಳಿಗೆ ಅದೇ ಹೆಂಗಸು ಮುಂದುವರಿದರೂ ಕರಾರು ಹೊಸದು, ಕಮಿಷನ್ ಮತ್ತೆ ಹೊಸದು. ಊಟ, ತಿಂಡಿ, ಸೋಪು, ಊರಿಗೆ ಹೋಗಿಬರುವ ಖರ್ಚು ನಿಮ್ಮದೇ. ಇಷ್ಟು ಕೊಡುವ ಶಕ್ತಿ ನಿಮಗೆ ಇರಬಹುದು. ನನ್ನ ತಕರಾರು ಮೊತ್ತದ ಮೇಲಲ್ಲ, ಅದು ಹೋಗಿ ಸೇರುವ ಜಾಗದ ಮೇಲೆ.

2022ರ ಕೊನೆಯಲ್ಲಿ ನಾವೂ ಒಂದು ಏಜೆನ್ಸಿಗೆ ಹಣ ಕಟ್ಟಿದೆವು. ಸಂಬಳ 18,000, ಅದನ್ನು ಏಜೆನ್ಸಿಯ ಖಾತೆಗೇ ಹಾಕಬೇಕು ಎಂಬ ಷರತ್ತು. ಹಾವೇರಿ ಕಡೆಯ ಹಳ್ಳಿಯಿಂದ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು ಬಂದರು. ಮಗುವಿನ ಮೇಲೆ ಅವರಿಗಿದ್ದ ಕಾಳಜಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಒಂದು ತಿಂಗಳು ಕಳೆದ ಮೇಲೆ, ರಾತ್ರಿ ಊಟದ ತಟ್ಟೆ ತೊಳೆದಿಟ್ಟು, ಮೊಬೈಲ್ ಹಿಡಿದುಕೊಂಡು ನನ್ನ ಬಳಿ ಬಂದರು. "ಅಕ್ಕಾ, ಇದರಲ್ಲಿ ಎಷ್ಟು ಬಂದಿದೆ ಓದಿ ಹೇಳಿ" ಎಂದರು. ಬ್ಯಾಂಕಿನ ಸಂದೇಶದಲ್ಲಿ ಇದ್ದದ್ದು 11,000. ಉಳಿದ 7,000 ಏನಾಯಿತು ಎಂದು ಏಜೆನ್ಸಿಗೆ ಫೋನ್ ಮಾಡಿದರೆ, ಅದು ತರಬೇತಿಯ ಖರ್ಚು, ಅವರಿಗೆ ಮೊದಲೇ ತಿಳಿಸಿದ್ದೇವೆ ಎಂಬ ಉತ್ತರ. ಅವರಿಗೆ ಯಾರೂ ತಿಳಿಸಿರಲಿಲ್ಲ. ಆ ರಾತ್ರಿ ಮಾತು ಬೆಳೆದಾಗಲೇ ನನಗೆ ಗೊತ್ತಾಯಿತು, ಅವರು ಎರಡು ವರ್ಷದ ಮಗನನ್ನು ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ನಾನು ಕೇಳಿರಲಿಲ್ಲ, ಏಜೆನ್ಸಿಯ ಅರ್ಜಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಹತ್ತು ದಿನಗಳ ನಂತರ ಆ ಮಗುವಿಗೆ ಜ್ವರ ಬಂತು, ಅವರು ಬೆಳಗಿನ ಬಸ್ಸಿಗೆ ಹೊರಟುಹೋದರು. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಬದಲಿ ಕಳುಹಿಸುತ್ತೇವೆ ಎಂಬ ಮಾತು ಕರಾರಿನಲ್ಲಿತ್ತು. ಎಷ್ಟು ದಿನದೊಳಗೆ ಎಂಬುದು ಇರಲಿಲ್ಲ. ಮೂರು ವಾರ ರಜೆ ಹಾಕಿ ಕಾದೆ. ಬಂದವಳು ಇನ್ನೂ ಹುಡುಗಿ. ಆಧಾರ್ ಕಾರ್ಡಿನಲ್ಲಿ ಹದಿನೇಳು ತುಂಬಿರಲಿಲ್ಲ. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ನನ್ನ ಮನೆಯಲ್ಲಿ ಹದಿನೆಂಟರ ಕೆಳಗೆ ಯಾರೂ ಬೇಡ ಎಂದು ಆ ಹುಡುಗಿಯನ್ನು ಅವಳ ಅಣ್ಣನ ಜೊತೆ ವಾಪಸ್ ಕಳುಹಿಸಿದೆ. ಕಟ್ಟಿದ ಕಮಿಷನ್ ಹಿಂದಕ್ಕೆ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದವರು ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ. ಯಾರ ಮನೆಯಲ್ಲಿ ಯಾರಿಗೆ ಕೆಲಸ ಬೇಕು, ಯಾರ ಮಕ್ಕಳು ದೊಡ್ಡವರಾಗಿ ಕೈ ಬಿಡುವಾಗಿದೆ ಎಂಬುದು ಅವರಿಗೆ, ಆಶಾ ಕಾರ್ಯಕರ್ತೆಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುವ ಹೆಂಗಸರನ್ನೂ ಕೇಳಿ. ಹಾಗೆ ಸಿಕ್ಕವರು ಕಾಳಿ ನದಿಯ ಆಚೆ ದಡದ ಸದಾಶಿವಗಡದ ಒಬ್ಬ ತಾಯಿ. ಮೊದಲ ದಿನ ಬಂದವರೇ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಅಂಗೈಯನ್ನು ಮಗುವಿನ ಹಣೆಗೆ ಅಡ್ಡ ಹಿಡಿದು ಚೊಂಬಿನಿಂದ ನೀರು ಬಿಟ್ಟರು. ಒಂದು ಹನಿಯೂ ಕಣ್ಣಿಗೆ ಇಳಿಯಲಿಲ್ಲ. ಯಾವ ಪ್ರಮಾಣಪತ್ರವನ್ನೂ ನಾನು ಕೇಳಲಿಲ್ಲ. ಆಧಾರ್ ಪ್ರತಿ ಮಾತ್ರ ತೆಗೆದುಕೊಂಡು, ಅವರ ಒಪ್ಪಿಗೆ ಪಡೆದೇ ಪೊಲೀಸ್ ಠಾಣೆಗೆ ಮಾಹಿತಿ ಕೊಟ್ಟೆ. ನೀವೂ ಅಷ್ಟು ಮಾಡಿ.

ಸಂಬಳ 2023ರ ಜನವರಿಯಲ್ಲಿ 12,000ದಿಂದ ಆರಂಭವಾಗಿ ಈಗ 15,000ಕ್ಕೆ ಬಂದಿದೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆ, ಭಾನುವಾರ ರಜೆ, ಚೌತಿಗೆ ಐದು ದಿನ ಸಂಬಳ ಸಹಿತ ರಜೆ ಮತ್ತು ಒಂದು ತಿಂಗಳ ಸಂಬಳ ಹೆಚ್ಚುವರಿ. ವರ್ಷಕ್ಕೆ 1,95,000. ಒಂದು ಪೈಸೆಯೂ ಮಧ್ಯದಲ್ಲಿ ಸೋರುವುದಿಲ್ಲ. ನಿಮಗೆ ಬೇಕಾದದ್ದು ಹಗಲು ಹೊತ್ತಿನ ಸಹಾಯವೇ ಆಗಿದ್ದರೆ ಇಪ್ಪತ್ತನಾಲ್ಕು ಗಂಟೆಯ ದರವನ್ನು ಯಾಕೆ ಕೊಡುತ್ತೀರಿ?

ಇನ್ನೂ ಕಡಿಮೆಗೆ ಸಿಗುತ್ತಾರೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಅವರ ಮಾತು ಕೇಳಬೇಡಿ. ದಿನಕ್ಕೆ ಒಂಬತ್ತು ಗಂಟೆ, ಇಪ್ಪತ್ತಾರು ದಿನ. 15,000ವನ್ನು ಭಾಗಿಸಿದರೆ ಗಂಟೆಗೆ 64 ರೂಪಾಯಿ. ಒಂದು ಎಳನೀರಿಗೆ ಹೆಚ್ಚುಕಡಿಮೆ ಅಷ್ಟೇ ಕೊಡುತ್ತೇವೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಪಡಿಸಿತು. ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಈ ವರ್ಷದ ಪಟ್ಟಿಯನ್ನು ನೋಡಿ, ಅದರ ಕೆಳಗೆ ಇಳಿಯಲೇಬೇಡಿ. ಅದಲ್ಲದೆ ಕಾರವಾರದ ಹೆಂಗಸರು ನಿಮ್ಮ ಸಂಬಳವನ್ನು ಗೋವಾದ ಸಂಬಳದ ಜೊತೆ ತೂಗಿ ನೋಡುತ್ತಾರೆ, ಗಡಿ ದಾಟಿದರೆ ಕೆಲಸ ಇದೆ. ಶಿರಸಿಯಲ್ಲಿರುವ ನನ್ನ ಅತ್ತಿಗೆಗೆ ಬೇರೆಯದೇ ಕಷ್ಟ: ಅಡಿಕೆ ಸುಲಿಯುವ ಕಾಲ ಬಂತೆಂದರೆ ಮನೆಗೆಲಸಕ್ಕೆ ಯಾರೂ ಸಿಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮೀನಿನ ಕೆಲಸದ ಹೆಂಗಸರು ಬೇರೆ ಕೆಲಸ ಹುಡುಕುತ್ತಾರೆ. ಆಗ ಬಂದವರು ಆಗಸ್ಟ್‌ನಲ್ಲಿ ತಮ್ಮ ಕಸುಬಿಗೆ ಮರಳಿದರೆ ತಪ್ಪು ತಿಳಿಯಬೇಡಿ, ಮೊದಲೇ ಕೇಳಿಕೊಳ್ಳಿ.

ಒಪ್ಪಂದವನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಸಮಯ, ರಜೆ, ಸಂಬಳದ ತಾರೀಕು, ಪ್ರತಿ ಜನವರಿಯ ಹೆಚ್ಚಳ. ಮಗುವಿನ ಬಟ್ಟೆ, ಮಗುವಿನ ಗಂಜಿ ಅವರ ಕೆಲಸ. ನಿಮ್ಮ ಪಾತ್ರೆ, ನಿಮ್ಮ ಅಡುಗೆ ಅಲ್ಲ. ಮಗು ಮಲಗಿದಾಗ ಅವರೂ ಕುಳಿತುಕೊಳ್ಳಲಿ. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಿಕೊಡಿ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆಯನ್ನು ಅವರ ಬ್ಯಾಂಕ್ ಖಾತೆಯಿಂದ ಆರಂಭಿಸಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಅವರಿಗೆ ಬಸ್ ಉಚಿತವಾಯಿತು. ಅಲ್ಲಿಯವರೆಗೆ ಪ್ರತ್ಯೇಕವಾಗಿ ಕೊಡುತ್ತಿದ್ದ ಬಸ್ ಖರ್ಚನ್ನು ನಾನು ನಿಲ್ಲಿಸಲಿಲ್ಲ, ಸಂಬಳಕ್ಕೆ ಸೇರಿಸಿದೆ. ಸರ್ಕಾರ ಅದನ್ನು ಉಳಿಸಿಕೊಟ್ಟದ್ದು ಅವರಿಗೆ, ನನಗಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಬೆಳಿಗ್ಗೆ ಅವರ ಫೋನ್: "ಬರಲು ದಾರಿಯಿಲ್ಲ, ಕೂಸಿಗೆ ಏನು ಮಾಡುತ್ತೀರಿ?" ನಾನು ರಜೆ ಹಾಕಿದೆ. ಆ ತಿಂಗಳು ಬರಲಾಗದ ದಿನಗಳಿಗೆ ಸಂಬಳ ಹಿಡಿಯಲಿಲ್ಲ. ನೀವೂ ಇಂಥ ದಿನಗಳನ್ನು ಲೆಕ್ಕದೊಳಗೆ ಇಟ್ಟುಕೊಳ್ಳಿ, ನಮ್ಮ ಮಳೆಗಾಲ ಹಾಗೆಯೇ.

ಏಜೆನ್ಸಿ ಬೇಡವೇ ಬೇಡ ಎನ್ನುವುದಿಲ್ಲ. ಇಬ್ಬರಿಗೂ ರಾತ್ರಿ ಪಾಳಿ ಇದ್ದರೆ, ಅವಳಿ ಮಕ್ಕಳಿದ್ದರೆ, ಊರಿನಲ್ಲಿ ಒಬ್ಬರ ಪರಿಚಯವೂ ಇಲ್ಲದೆ ನಾಳೆಯೇ ಕೆಲಸಕ್ಕೆ ಹಾಜರಾಗಬೇಕಿದ್ದರೆ ಅದು ಬೇಕಾಗಬಹುದು. ಆದರೆ ಸಂಬಳವನ್ನು ನೇರವಾಗಿ ಆಕೆಯ ಖಾತೆಗೆ ಹಾಕಲು ಒಪ್ಪುತ್ತೀರಾ, ಬದಲಿ ಎಷ್ಟು ದಿನದೊಳಗೆ, ಬಾರದಿದ್ದರೆ ಕಮಿಷನ್‌ನಲ್ಲಿ ಎಷ್ಟು ವಾಪಸ್ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೊದಲನೆಯದಕ್ಕೆ ಇಲ್ಲ ಎಂದರೆ ಉಳಿದವನ್ನು ಕೇಳುವ ಅಗತ್ಯವಿಲ್ಲ. ಆಮೇಲೆ ಆಕೆ ಬಂದ ದಿನವೇ, ನಿಮ್ಮ ಮಗುವಿನ ವಿಷಯ ಹೇಳುವ ಮೊದಲು, ನಿಮಗೆ ಮಕ್ಕಳೆಷ್ಟು, ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ.

ನಿಮಗೆ ಇನ್ನೂ ಒಂದು ತಿಂಗಳಿದೆ. ನಾಳೆಯೇ ಹತ್ತಿರದ ಅಂಗನವಾಡಿಗೆ ಮಗುವನ್ನು ಎತ್ತಿಕೊಂಡು ಹೋಗಿ. ಹೆಂಡತಿಯ ರಜೆಯ ಕೊನೆಯ ಎರಡು ವಾರ ಬಂದವರು ಮಗುವಿನೊಂದಿಗೆ ಪಳಗಲು ಬೇಕು, ಆ ಎರಡು ವಾರಕ್ಕೂ ಪೂರ್ತಿ ಸಂಬಳ ಕೊಡಿ.